ಖಿನ್ನತೆಯ ಔಷಧಿ: ಅರಿತು ಬಳಸುವ ಬಗೆ

ಖಿನ್ನತೆಯು ಮನೋದೌರ್ಬಲ್ಯವಲ್ಲ, ಚಿಕಿತ್ಸೆಯಿಂದ ಗುಣಪಡಿಸಬಹುದಾದ ಕಾಯಿಲೆ. ಪುಣೆ ಕ್ಯಾಂಪ್‌ನಂತಹ ಅನ್ಯಭಾಷಾ ಪರಿಸರದಲ್ಲಿ ನೆಲೆಸಿರುವ ಕನ್ನಡಿಗರು ಇದರ ಔಷಧಿಯ ಬಗ್ಗೆ ತಮ್ಮ ಭಾಷೆಯಲ್ಲಿಯೇ ಸ್ಪಷ್ಟವಾಗಿ ತಿಳಿದಿರುವುದು ಅವಶ್ಯಕ.

ಫ್ಲೂಆಕ್ಸೆಟಿನ್, ಎಸ್ಸಿಟಾಲೊಪ್ರಾಮ್ ಮೊದಲಾದ ಮಾತ್ರೆಗಳು ಮಿದುಳಿನ ನರಕೋಶಗಳ ನಡುವೆ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಹೆಚ್ಚಿಸುತ್ತವೆ. ಇವುಗಳ ಗುಣ ಕಂಡುಬರಲು ಸಾಮಾನ್ಯವಾಗಿ 2ರಿಂದ 6 ವಾರಗಳು ಬೇಕು. ಆದರೆ ವಾಕರಿಕೆ, ತಲೆನೋವು, ನಿದ್ರೆಯ ಏರುಪೇರುಗಳು ಮೊದಲ ದಿನಗಳಲ್ಲಿಯೇ ತಲೆದೋರಬಹುದು; ಬಹುಮಟ್ಟಿಗೆ ಅವು ಕ್ರಮೇಣ ಶಮನಗೊಳ್ಳುತ್ತವೆ. ಈ ಅವಧಿಯಲ್ಲಿಯೇ ಕೆಲವರು 'ಮಾತ್ರೆಯಿಂದ ಪ್ರಯೋಜನವಿಲ್ಲ' ಎಂದು ಅದನ್ನು ಬಿಟ್ಟುಬಿಡುತ್ತಾರೆ. ಇದು ಸರಿಯಲ್ಲ.

ಗುಣವಾದ ನಂತರವೂ ಕನಿಷ್ಠ 6 ತಿಂಗಳು ಔಷಧಿಯನ್ನು ಮುಂದುವರಿಸಬೇಕಾಗುತ್ತದೆ. ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಚಡಪಡಿಕೆ ಉಂಟಾಗಬಹುದು. ಆದ್ದರಿಂದ ವೈದ್ಯರ ಸಲಹೆಯಂತೆ ಪ್ರಮಾಣವನ್ನು ಹಂತಹಂತವಾಗಿ ತಗ್ಗಿಸಬೇಕು. ಮದ್ಯಪಾನ ಕೂಡದು. ಸೇವಿಸುತ್ತಿರುವ ಇತರ ಔಷಧಿಗಳನ್ನೂ, ಗರ್ಭಿಣಿಯಾಗಿದ್ದಲ್ಲಿ ಅದನ್ನೂ ವೈದ್ಯರಿಗೆ ತಿಳಿಸಬೇಕು. ಯುವಜನರಲ್ಲಿ ಆರಂಭದ ವಾರಗಳಲ್ಲಿ ಆತ್ಮಹತ್ಯೆಯ ಆಲೋಚನೆ ಹೆಚ್ಚಬಹುದಾದ್ದರಿಂದ ಮನೆಯವರು ಎಚ್ಚರದಿಂದಿದ್ದು, ಅಂತಹ ಸೂಚನೆ ಕಂಡೊಡನೆ ವೈದ್ಯರನ್ನು ಕಾಣಬೇಕು.

ಮನದ ಅಳಲನ್ನು ಪರಭಾಷೆಯಲ್ಲಿ ಹೇಳಿಕೊಳ್ಳುವುದು ಸುಲಭವಲ್ಲ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಉಚಿತ ಸೇವೆಯ 14416 ಸಂಖ್ಯೆಗೆ ಕರೆ ಮಾಡಿ, ಹಗಲಿರುಳೂ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು.