ಮಡಿಕೆ ಕೆಟ್ಟರೆ ಮದ್ದೂ ಕೆಟ್ಟಂತೆ

ನಮ್ಮ ನೆರೆಮನೆಯಲ್ಲಿ ವಯಸ್ಸಾದ ತಾಯಿಯೊಬ್ಬರಿದ್ದಾರೆ. ಬೀದಿಯವರೆಲ್ಲ ಅವರನ್ನು ಖಾಲಾ ಎಂದೇ ಕರೆಯುತ್ತೇವೆ. ಸಕ್ಕರೆ ಕಾಯಿಲೆಗಾಗಿ ದಿನಕ್ಕೆರಡು ಬಾರಿ ಇನ್ಸುಲಿನ್ ಚುಚ್ಚಿಸಿಕೊಳ್ಳುತ್ತಾರೆ. ಒಂದು ಬೇಸಿಗೆಯಲ್ಲಿ ಅವರ ರಕ್ತದ ಸಕ್ಕರೆ ಏಕಾಏಕಿ ಏರತೊಡಗಿತು. ಊಟ ಅದೇ, ಮದ್ದು ಅದೇ, ಪ್ರಮಾಣವೂ ಅದೇ.

"ಅಮ್ಮೀ, ನೀವು ಕದ್ದು ಮಿಠಾಯಿ ತಿನ್ನುತ್ತಿದ್ದೀರಿ" ಎಂದು ಮಗ ಗದರಿದ. "ಇಲ್ಲ ಬೇಟಾ, ಮುಟ್ಟಿಯೂ ಇಲ್ಲ" ಎಂದು ಖಾಲಾ ಕಣ್ಣೀರು ಹಾಕಿದರು. ಯಾರೂ ನಂಬಲಿಲ್ಲ.

ವೈದ್ಯರು ಮಾತ್ರ ಬೇರೆಯೇ ಪ್ರಶ್ನೆ ಕೇಳಿದರು: "ಇನ್ಸುಲಿನ್ ಎಲ್ಲಿ ಇಡುತ್ತೀರಿ?" ಸೆಖೆಗೆ ಮದ್ದು ಕೆಟ್ಟೀತೆಂದು ಹೆದರಿ ಸೊಸೆ ಹೊಸ ಬಾಟಲಿಯನ್ನು ಫ್ರೀಜರ್‌ನಲ್ಲಿ ಇಟ್ಟಿದ್ದಳು. ಅದು ಗಟ್ಟಿಯಾಗಿದ್ದನ್ನು ಕಂಡು ಹೊರತೆಗೆದು, ಕರಗಿದ ಮೇಲೆ ಬಳಸಲು ಶುರು ಮಾಡಿದ್ದಳು. ಆ ಬಾಟಲಿಯನ್ನು ಎಸೆದು ಬೇರೆ ತಂದ ಕೆಲವೇ ದಿನಗಳಲ್ಲಿ ಸಕ್ಕರೆ ಇಳಿಯಿತು.

ಹಾಗಾದರೆ ಬಾಟಲಿಯೊಳಗೆ ಆದದ್ದೇನು?

ಮಣಿಗಳ ಸರ

ಇನ್ಸುಲಿನ್ ಒಂದು ಪ್ರೋಟೀನ್. ಪ್ರೋಟೀನನ್ನು ತಸ್ಬೀಹ್‌ನಂತಹ ಮಣಿಸರವೆಂದು ಭಾವಿಸಿ. ಈ ಮಣಿಗಳಿಗೆ ಅಮೈನೋ ಆಮ್ಲಗಳೆಂದು ಹೆಸರು. ನಮ್ಮ ದೇಹದ ಪ್ರೋಟೀನುಗಳಲ್ಲಿ ಮುಖ್ಯವಾಗಿ 20 ಬಗೆಯ ಮಣಿಗಳಿವೆ. ಯಾವುದರ ಪಕ್ಕದಲ್ಲಿ ಯಾವುದು ಬರಬೇಕೆಂಬುದು ನಮ್ಮ ವಂಶವಾಹಿಯಲ್ಲಿ ಬರೆದಿದೆ. ಇನ್ಸುಲಿನ್‌ನಲ್ಲಿ 51 ಮಣಿಗಳು. 21 ಒಂದು ಎಳೆಯಲ್ಲಿ, 30 ಇನ್ನೊಂದರಲ್ಲಿ. ಎರಡೂ ಎಳೆಗಳನ್ನು ಗಂಧಕದ ಕೊಂಡಿಗಳು ಹೊಲಿದಂತೆ ಹಿಡಿದಿವೆ. ಈ ಮಣಿಗಳ ಕ್ರಮವನ್ನು ಪತ್ತೆಹಚ್ಚಿದ ಫ್ರೆಡರಿಕ್ ಸ್ಯಾಂಗರ್ ಅವರಿಗೆ 1958ರಲ್ಲಿ ನೊಬೆಲ್ ಬಂತು.

ಆದರೆ ಬಿಡಿಬಿಡಿಯಾಗಿ ಚಾಚಿಕೊಂಡ ಸರ ಯಾವ ಕೆಲಸಕ್ಕೂ ಬಾರದು. ಅದು ಸರಿಯಾಗಿ ಮಡಚಿಕೊಳ್ಳಬೇಕು. ಕೆಲವು ಮಣಿಗಳಿಗೆ ನೀರೆಂದರೆ ಆಗದು. ಸಾರಿನ ಮೇಲೆ ತೇಲುವ ಎಣ್ಣೆಯ ಹನಿಗಳು ಒಂದಾಗುವಂತೆ ಅವು ಒಳಗೆ ಸೇರಿಕೊಳ್ಳುತ್ತವೆ. ನೀರನ್ನು ಬಯಸುವ ಮಣಿಗಳು ಹೊರಗುಳಿಯುತ್ತವೆ. ಹೀಗೆ ಸುರುಳಿ, ಮಡಿಕೆ, ತಿರುವುಗಳಾಗಿ ನಿರ್ದಿಷ್ಟ ಆಕಾರ ಮೂಡುತ್ತದೆ. ಇನ್ಸುಲಿನ್‌ನ ಆ ಆಕಾರವನ್ನು 1969ರಲ್ಲಿ ಲೋಕಕ್ಕೆ ತೋರಿಸಿದವರು ಡೊರೊಥಿ ಹಾಜ್‌ಕಿನ್ ಎಂಬ ಮಹಿಳಾ ವಿಜ್ಞಾನಿ.

ಬೀಗಕ್ಕೆ ಕೀಲಿ ಕೂರುವಂತೆ ಈ ಆಕಾರ ಜೀವಕೋಶದ ಮೇಲೆ ಕೂತರೆ ಮಾತ್ರ ಸಕ್ಕರೆ ಒಳಹೋಗಲು ದಾರಿಯಾಗುತ್ತದೆ. ಕೀಲಿ ಸೊಟ್ಟಗಾದರೆ ಬೀಗ ತೆರೆಯುವುದೇ?

ಮೊಟ್ಟೆ ಹೇಳುವ ಪಾಠ

ಸಹೋದರಿಯರೇ, ಮಡಿಕೆ ಬಿಚ್ಚುವುದನ್ನು ನಾವು ದಿನವೂ ಒಲೆಯ ಮೇಲೆ ಕಾಣುತ್ತೇವೆ. ಮೊಟ್ಟೆ ಬೇಯಿಸಿದಾಗ ತಿಳಿಯಾದ ಲೋಳೆ ಬಿಳಿಯಾಗಿ ಗಟ್ಟಿಯಾಗುತ್ತದೆ. ಬಿಸಿಗೆ ಪ್ರೋಟೀನುಗಳ ಮಡಿಕೆ ಬಿಚ್ಚಿ, ಎಳೆಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ತಣ್ಣಗಾದರೂ ಅದು ಮತ್ತೆ ಹಸಿ ಮೊಟ್ಟೆಯಾಗದು.

ಹಾಗೆಂದು ಬಿಚ್ಚಿದ ಮಡಿಕೆ ಎಂದೂ ಕೂಡುವುದಿಲ್ಲವೆಂದಲ್ಲ. ಅಮೆರಿಕದ ಕ್ರಿಶ್ಚಿಯನ್ ಆನ್‌ಫಿನ್ಸನ್ 124 ಮಣಿಗಳ ಒಂದು ಪ್ರೋಟೀನನ್ನು ಯೂರಿಯ ಮೊದಲಾದ ರಾಸಾಯನಿಕಗಳಿಂದ ಪೂರ್ತಿ ಬಿಚ್ಚಿದರು. ಆ ರಾಸಾಯನಿಕಗಳನ್ನು ತೆಗೆದಾಗ ಅದು ತಾನಾಗಿಯೇ ಮಡಚಿಕೊಂಡು ಮತ್ತೆ ಕೆಲಸಕ್ಕೆ ತೊಡಗಿತು. ಆಕಾರದ ಗುಟ್ಟು ಮಣಿಗಳ ಕ್ರಮದಲ್ಲೇ ಅಡಗಿದೆಯೆಂದು ಇದರಿಂದ ತಿಳಿಯಿತು. ಅವರಿಗೆ 1972ರಲ್ಲಿ ನೊಬೆಲ್ ದೊರೆಯಿತು.

ಪ್ರಯೋಗಾಲಯದ ತಿಳಿ ದ್ರಾವಣದಲ್ಲಿ ಎಳೆಗಳಿಗೆ ಜಾಗವಿತ್ತು. ಜೀವಕೋಶವಾದರೋ ಸಂತೆಯಂತೆ ಕಿಕ್ಕಿರಿದಿರುತ್ತದೆ. ಅಲ್ಲಿ ಎಳೆಗಳು ಸಿಕ್ಕಾಗದಂತೆ ಕಾಯಲು ಬೇರೆ ಪ್ರೋಟೀನುಗಳೇ ಇವೆ. ಅವುಗಳನ್ನು ಶಾಪರೋನ್ ಎನ್ನುತ್ತಾರೆ. ಹರೆಯದ ಹುಡುಗಿಯ ಜೊತೆ ಕಾವಲಿಗೆ ಹೋಗುವ ಹಿರಿಯ ಹೆಂಗಸೆಂದು ಆ ಪದದ ಅರ್ಥ! ಇಷ್ಟು ಕಾವಲಿದ್ದರೂ ಕೆಲವೊಮ್ಮೆ ಮಡಿಕೆ ತಪ್ಪುತ್ತದೆ. ಮರೆವಿನ ಕಾಯಿಲೆಯಾದ ಆಲ್‌ಝೈಮರ್‌ನಲ್ಲಿ ತಪ್ಪಾಗಿ ಮಡಚಿದ ಪ್ರೋಟೀನುಗಳು ಮಿದುಳಿನಲ್ಲಿ ಗಂಟುಗಟ್ಟಿರುವುದನ್ನು ಕಾಣಬಹುದು.

ನಮ್ಮವರ ಪಾಲು

ಸರ ಎಷ್ಟು ತಿರುಗಬಲ್ಲದು, ಯಾವ ತಿರುವು ಸಾಧ್ಯವೇ ಇಲ್ಲ ಎಂಬುದನ್ನು 1963ರಲ್ಲಿ ಒಂದು ನಕ್ಷೆಯಾಗಿ ತೋರಿಸಿದವರು ಮದರಾಸಿನಲ್ಲಿದ್ದ ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅವರ ಹೆಸರಿನ ನಕ್ಷೆ ಇಂದಿಗೂ ಲೋಕದೆಲ್ಲೆಡೆ ಬಳಕೆಯಲ್ಲಿದೆ. ಮಣಿಗಳ ಕ್ರಮವನ್ನು ನೋಡಿ ಆಕಾರವನ್ನು ಊಹಿಸುವ ಆಲ್ಫಾಫೋಲ್ಡ್ ಎಂಬ ಕಂಪ್ಯೂಟರ್ ವಿಧಾನ 2020ರಲ್ಲಿ ತಜ್ಞರನ್ನೇ ಬೆರಗುಗೊಳಿಸಿತು. ಅದಕ್ಕಾಗಿ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ 2024ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಪಾಲು ಪಡೆದರು.

ಮನೆಯಲ್ಲಿ ನೆನಪಿಡಿ

ಈಗ ಖಾಲಾರ ಬಾಟಲಿಗೆ ಮರಳೋಣ. ನೀರು ಹೆಪ್ಪುಗಟ್ಟುವಾಗ ಇನ್ಸುಲಿನ್ ಕಣಗಳು ಮಂಜಿನ ಹರಳುಗಳ ನಡುವೆ ಇಕ್ಕಟ್ಟಿಗೆ ಸಿಲುಕುತ್ತವೆ. ಮಡಿಕೆ ಸಡಿಲಗೊಂಡು ಒಂದಕ್ಕೊಂದು ಅಂಟಿಕೊಳ್ಳಬಹುದು. ಕರಗಿದ ಮೇಲೆ ಕಣ್ಣಿಗೆ ವ್ಯತ್ಯಾಸ ಕಾಣಿಸದೆಯೂ ಇರಬಹುದು. ಆದ್ದರಿಂದ ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನನ್ನು ಬಳಸಲೇಬಾರದು.

ತೆರೆಯದ ಬಾಟಲಿಗಳನ್ನು ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಿ. ಫ್ರೀಜರ್‌ನಲ್ಲಿ ಬೇಡ, ಅದಕ್ಕೆ ತಾಗಿಕೊಂಡೂ ಬೇಡ. ಬಿಸಿಲು ಬೀಳುವ ಕಿಟಕಿ, ಒಲೆಯ ಪಕ್ಕ, ನಿಲ್ಲಿಸಿದ ಕಾರು ಕೂಡ ಬೇಡ. ತೆರೆದದ್ದನ್ನು ಎಷ್ಟು ದಿನ ಬಳಸಬಹುದೆಂದು ಪೊಟ್ಟಣದಲ್ಲಿ ಬರೆದಿರುತ್ತದೆ. ತೆರೆದ ತಾರೀಕನ್ನು ಬಾಟಲಿಯ ಮೇಲೆ ಬರೆದಿಡಿ. ಹಾಲಿನಂತೆ ಕಾಣುವ ಇನ್ಸುಲಿನನ್ನು ಜೋರಾಗಿ ಕುಲುಕದೆ ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿ. ತಿಳಿಯಾಗಿರಬೇಕಾದದ್ದು ಮಬ್ಬಾಗಿದ್ದರೆ, ಯಾವುದರಲ್ಲೇ ಆಗಲಿ ಗಂಟುಗಳು ಕಂಡರೆ, ಎಸೆದುಬಿಡಿ.

ಇನ್ನೊಂದು ಮಾತು. ಮನೆಯ ಹಿರಿಯರ ಸಕ್ಕರೆ ಏರಿದರೆ ಅವರ ನಾಲಿಗೆಯನ್ನು ದೂರುವ ಮೊದಲು ಮದ್ದು ಎಲ್ಲಿತ್ತೆಂದು ಒಮ್ಮೆ ನೋಡಿ. ಖಾಲಾರ ಮಗ ಅಂದು ತಾಯಿಯ ಕೈ ಹಿಡಿದು ಕ್ಷಮೆ ಕೇಳಿದ. ಸೊಸೆಯೂ ಅಳುತ್ತಿದ್ದಳು. "ನೀನು ನನ್ನ ಒಳ್ಳೆಯದಕ್ಕೇ ಮಾಡಿದ್ದೆಯಲ್ಲ" ಎಂದು ಖಾಲಾ ಅವಳ ತಲೆ ಸವರಿದರು.