ಗಾಜಿನ ತೊಟ್ಟಿಯಲ್ಲಿ ಹಸುರು ಬಾಳಬೇಕಾದರೆ

ಊರಿನಲ್ಲಿ ಅಂಗಳ, ತೋಟ, ಕೆರೆಗಳ ನಡುವೆ ಬೆಳೆದ ನಮ್ಮವರು ಮುಂಬಯಿಗೆ ಬಂದ ಮೇಲೆ ಒಂದು ತುಳಸಿಗಿಡಕ್ಕೂ ಕಿಟಕಿಯ ಸರಳನ್ನೇ ಆಶ್ರಯಿಸಬೇಕಾಗುತ್ತದೆ. ಆದುದರಿಂದಲೇ ಏನೋ, ಚಾಳಿನ ಕೋಣೆಯಲ್ಲಿಯೂ ಗಾಜಿನ ತೊಟ್ಟಿಯೊಂದನ್ನಿಟ್ಟು ಮೀನು ಸಾಕುವವರಿದ್ದಾರೆ. ಮೀನೇನೋ ಬದುಕುತ್ತದೆ, ಅದರೊಡನೆ ನೆಟ್ಟ ಗಿಡಗಳು ಮಾತ್ರ ತಿಂಗಳೊಳಗೆ ಕೊಳೆಯುತ್ತವೆ. ಅವು ಸಾಯುವುದು ಬಹುಮಟ್ಟಿಗೆ ಉಪೇಕ್ಷೆಯಿಂದಲ್ಲ, ಅತಿಯಾದ ಉಪಚಾರದಿಂದ ಎಂಬುದು ನಾನು ಸ್ವಾನುಭವದಿಂದ ಕಲಿತ ಪಾಠ.

ನಾನು ಹೋಟೆಲು ನಡೆಸುತ್ತಿದ್ದಾಗ ಗಲ್ಲಾದ ಪಕ್ಕದಲ್ಲಿ ಮೂರಡಿ ಉದ್ದದ ತೊಟ್ಟಿಯೊಂದಿತ್ತು. ಗಿರಾಕಿಗಳ ಕಣ್ಣಿಗೆ ಚೆಂದ ಕಾಣಲೆಂದು ಬೆಳಿಗ್ಗೆ 6ರಿಂದ ರಾತ್ರಿ 11ರವರೆಗೂ ಅದರ ದೀಪ ಉರಿಯುತ್ತಿತ್ತು. ವಾರಕ್ಕೊಮ್ಮೆ ನೀರನ್ನೆಲ್ಲ ಚೆಲ್ಲಿಸಿ, ಮರಳನ್ನು ಕುದಿನೀರಿನಲ್ಲಿ ತೊಳೆಯಿಸಿ, ಗಿಡಗಳನ್ನು ಮತ್ತೆ ನೆಡಿಸುತ್ತಿದ್ದೆ. ಆದರೂ ಎಲೆಗಳಿಗೆ ಪಾಚಿ ಹತ್ತಿತು, ಗಿಡಗಳು ಕರಗಿದವು. ತೊಟ್ಟಿ ತೊಳೆಯುತ್ತಿದ್ದ ಕುಂದಾಪುರದ ಕಡೆಯ ಮಾಣಿಯನ್ನು ಎಲ್ಲರೆದುರು ಗದರಿಸಿದೆ. ಅವನು ಮೆಲ್ಲನೆ, “ಧಣಿಗಳೇ, ನಮ್ಮೂರ ಹೊಳೆಯ ಗಿಡವನ್ನು ಯಾರೂ ವಾರಕ್ಕೊಮ್ಮೆ ಕಿತ್ತು ನೆಡುವುದಿಲ್ಲವಲ್ಲ” ಎಂದನು. ನನಗೆ ಸಿಟ್ಟು ಬಂದಿತೇ ಹೊರತು ಉತ್ತರ ಬರಲಿಲ್ಲ.

ಅವನ ಮಾತಿನಲ್ಲಿ ಶಾಸ್ತ್ರವೇ ಅಡಗಿತ್ತೆಂಬುದು ಬಳಿಕ ಓದಿದಾಗ ತಿಳಿಯಿತು. 1850ರಲ್ಲಿ ಲಂಡನ್ನಿನ ರಸಾಯನಜ್ಞ ರಾಬರ್ಟ್ ವಾರಿಂಗ್ಟನ್ ಎಂಬವನು ತನ್ನದೊಂದು ಪ್ರಯೋಗವನ್ನು ಪ್ರಕಟಿಸಿದನು. ಪಾತ್ರೆಯೊಂದರಲ್ಲಿ ಎರಡು ಚಿನ್ನದ ಮೀನು ಹಾಗೂ ವ್ಯಾಲಿಸ್ನೇರಿಯ ಎಂಬ ಗಿಡವನ್ನು ಇಟ್ಟಿದ್ದನು. ಕೊಳೆತ ಎಲೆಗಳಿಂದ ನೀರು ಕದಡಿದಾಗ ಬಸವನಹುಳುಗಳನ್ನು ಬಿಟ್ಟನು; ಅವು ಕೊಳೆತುದನ್ನು ತಿಂದು ನೀರನ್ನು ತಿಳಿಗೊಳಿಸಿದವು. ಮೀನು, ಗಿಡ, ಹುಳು ಒಂದಕ್ಕೊಂದು ಊಳಿಗ ಮಾಡುತ್ತವೆ. ಈ ಸಮತೋಲವನ್ನು ಕೆಡಿಸದಿರುವುದೇ ನಮ್ಮ ಮುಖ್ಯ ಕೆಲಸ.

ಮೊದಲನೆಯದು ಬೆಳಕು. ದಿನಕ್ಕೆ 6ರಿಂದ 8 ಗಂಟೆ ದೀಪವಿದ್ದರೆ ಸಾಕು. ಹೆಚ್ಚಾದ ಬೆಳಕು ಗಿಡಕ್ಕಿಂತ ಪಾಚಿಗೇ ಉಪಕಾರಿ. ತೊಟ್ಟಿಯನ್ನು ನೇರ ಬಿಸಿಲು ಬೀಳುವ ಕಿಟಕಿಯಲ್ಲಿ ಇಡತಕ್ಕದ್ದಲ್ಲ.

ಎರಡನೆಯದು ನೀರು. ಮೀನಿನ ಮಲದಿಂದ ಹುಟ್ಟುವ ಅಮೋನಿಯವನ್ನು ಗಿಡಕ್ಕೆ ಗೊಬ್ಬರವಾಗುವ ನೈಟ್ರೇಟನ್ನಾಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಮರಳಿನಲ್ಲಿ ನೆಲಸಿರುತ್ತವೆ. ಕುದಿನೀರು ಹೊಯ್ದು ನಾನು ಕೊಂದುದು ಅವುಗಳನ್ನೇ. ವಾರಕ್ಕೆ ನಾಲ್ಕನೆಯ ಒಂದು ಭಾಗ ನೀರು ಬದಲಿಸಿದರೆ ಸಾಕು. ನಲ್ಲಿನೀರಿನ ಕ್ಲೋರಿನ್ ಹೋಗಲು ಅದನ್ನು ಒಂದು ದಿನ ತೆರೆದ ಬಕೀಟಿನಲ್ಲಿ ಇಟ್ಟು ಉಪಯೋಗಿಸಬೇಕು.

ಮೂರನೆಯದು ನೆಡುವ ಕ್ರಮ. ವ್ಯಾಲಿಸ್ನೇರಿಯದ ಬೇರನ್ನು ಮರಳಿನಲ್ಲಿ ಹೂಳಿ, ಬುಡವನ್ನು ಮೇಲೆಯೇ ಬಿಡಬೇಕು. ಜಾವಾ ಫರ್ನ್, ಅನೂಬಿಯಸ್ ಗಿಡಗಳ ಶುಂಠಿಯಂಥ ಕಾಂಡವನ್ನು ಹೂತರೆ ಕೊಳೆಯುತ್ತದೆ. ಅವನ್ನು ಕಲ್ಲಿಗೆ ಇಲ್ಲವೆ ಮರದ ತುಂಡಿಗೆ ದಾರದಿಂದ ಕಟ್ಟಬೇಕು. ಕ್ರಿಪ್ಟೊಕೊರೈನ್ ಎಂಬುದರ ಕೆಲವು ಜಾತಿಗಳು ನಮ್ಮ ಪಶ್ಚಿಮಘಟ್ಟದ ಹೊಳೆಗಳಲ್ಲಿಯೇ ಬೆಳೆಯುತ್ತವೆ. ಸ್ಥಳ ಬದಲಿಸಿದೊಡನೆ ಅದರ ಎಲೆಗಳೆಲ್ಲ ಕರಗಿಹೋಗುವುದುಂಟು. ಸತ್ತಿತೆಂದು ಎಸೆಯಬಾರದು, ಬೇರು ಗಟ್ಟಿಯಾಗಿದ್ದರೆ ಕೆಲವು ವಾರಗಳಲ್ಲಿ ಹೊಸ ಚಿಗುರು ಬರುತ್ತದೆ. ಪರಸ್ಥಳಕ್ಕೆ ಬಂದ ನಮ್ಮ ಹುಡುಗರ ಮೊದಲ ತಿಂಗಳುಗಳೂ ಹೀಗೆಯೇ ಅಲ್ಲವೇ?

ಇನ್ನು ಎಲೆಯೇ ರೋಗವನ್ನು ಹೇಳುತ್ತದೆ. ಹಳೆಯ ಎಲೆಗಳು ಹಳದಿಯಾದರೆ ಸಾರಜನಕದ ಕೊರತೆ, ಅವುಗಳಲ್ಲಿ ತೂತು ಬಿದ್ದರೆ ಪೊಟ್ಯಾಸಿಯಮ್ಮಿನ ಕೊರತೆ, ಎಳೆಯ ಎಲೆಗಳೇ ಬಿಳಿಚಿದರೆ ಕಬ್ಬಿಣದ ಕೊರತೆ ಎಂದು ಸಾಮಾನ್ಯವಾಗಿ ತಿಳಿಯಬಹುದು. ತೊಟ್ಟಿಗೆಂದೇ ಮಾರುವ ಗೊಬ್ಬರವನ್ನು ಮೊದಲು ಅರ್ಧ ಪ್ರಮಾಣದಲ್ಲಿ ಹಾಕಿ ನೋಡಿರಿ. ಹೊಲದ ಯೂರಿಯವನ್ನು ಹಾಕಲೇಬೇಡಿ; ಅದು ಅಮೋನಿಯವಾಗಿ ಮೀನನ್ನು ಕೊಲ್ಲುತ್ತದೆ.

ಮಾಣಿ ಮುಂದೆ ಊರಿಗೆ ಮರಳಿದನು. ಅವನ ಮಾತಿನಂತೆ ಕೀಳುವುದನ್ನು ನಿಲ್ಲಿಸಿದ ಮೇಲೆ ತೊಟ್ಟಿ ಹಸುರಾಯಿತು. ತಪ್ಪು ನನ್ನದೆಂದು ಅವನೆದುರು ಒಪ್ಪಿಕೊಳ್ಳಲು ಆಗ ಧಣಿಯ ದೊಡ್ಡಸ್ತಿಕೆ ಅಡ್ಡಬಂದಿತ್ತು. ಇಂದು ಇಲ್ಲಿ ಒಪ್ಪಿಕೊಂಡಿದ್ದೇನೆ.