ಕ್ಷ-ಕಿರಣಗಳ ಆಕಾಶ

ಇರುಳಿನಲ್ಲಿ ತಲೆಯೆತ್ತಿ ನೋಡಿದಾಗ ನಮಗೆ ಕಾಣುವುದು ಆಕಾಶದ ಒಂದು ಮುಖ ಮಾತ್ರ. ಕಣ್ಣಿಗೆ ಗೋಚರಿಸುವ ಬೆಳಕಲ್ಲದೆ ರೇಡಿಯೋ ಅಲೆಗಳು, ಕ್ಷ-ಕಿರಣಗಳು ಮೊದಲಾದ ಅದೃಶ್ಯ ವಿಕಿರಣಗಳೂ ಅಲ್ಲಿಂದ ಹೊರಟು ಬರುತ್ತಿವೆ. 1895ರಲ್ಲಿ ಜರ್ಮನಿಯ ರಂಟ್ಜನ್ ಕಂಡುಹಿಡಿದ ಕ್ಷ-ಕಿರಣಗಳು ಮಾಂಸವನ್ನು ತೂರಿ ಎಲುಬಿನ ಚಿತ್ರವನ್ನು ತೋರಿಸಬಲ್ಲವು. ಆದರೆ ಭೂಮಿಯ ದಟ್ಟವಾದ ವಾಯುಮಂಡಲವನ್ನು ದಾಟಿ ನೆಲವನ್ನು ಮುಟ್ಟಲಾರವು. ಜೀವಿಗಳ ಪಾಲಿಗೆ ಈ ಗಾಳಿಯ ಹೊದಿಕೆಯೇ ರಕ್ಷಾಕವಚ. ಖಗೋಳ ವಿಜ್ಞಾನಿಯ ಪಾಲಿಗೆ ಅದೇ ಅಡ್ಡತೆರೆ. ಆದ್ದರಿಂದ ಆಕಾಶದ ಕ್ಷ-ಕಿರಣಗಳನ್ನು ಅರಿಯಬೇಕಾದರೆ ಉಪಕರಣಗಳನ್ನೇ ಆ ತೆರೆಯಾಚೆಗೆ ಕಳುಹಿಸಬೇಕು.

ಸೂರ್ಯನಿಂದ ಕ್ಷ-ಕಿರಣಗಳು ಹೊರಡುತ್ತವೆಂಬುದು ರಾಕೆಟ್ ಪ್ರಯೋಗಗಳಿಂದ ಮೊದಲೇ ತಿಳಿದಿತ್ತು. ಅವು ಚಂದ್ರನ ನೆಲಕ್ಕೆ ತಾಗಿದಾಗ ಅಲ್ಲಿಂದಲೂ ಕ್ಷ-ಕಿರಣಗಳು ಹೊಮ್ಮುವುವೇ ಎಂದು ಪರೀಕ್ಷಿಸಲು ರಿಕಾರ್ಡೊ ಜಿಯಾಕೋನಿ ಮತ್ತು ಅವರ ಸಂಗಡಿಗರು 1962ರ ಜೂನ್ 18ರ ರಾತ್ರಿ ಅಮೆರಿಕದ ನ್ಯೂ ಮೆಕ್ಸಿಕೋದಿಂದ ಒಂದು ರಾಕೆಟ್ಟನ್ನು ಹಾರಿಸಿದರು. ಅದರ ಉಪಕರಣಗಳಿಗೆ ದೊರೆತ ಕಾಲ ಸುಮಾರು ಆರು ನಿಮಿಷ ಮಾತ್ರ. ಹುಡುಕಿದ್ದು ಚಂದ್ರನಲ್ಲಿ; ದೊರೆತದ್ದು ವೃಶ್ಚಿಕ ರಾಶಿಯ ಕಡೆಯಲ್ಲಿ! ಯಾರೂ ನಿರೀಕ್ಷಿಸದಷ್ಟು ಪ್ರಬಲವಾದ ಕ್ಷ-ಕಿರಣಗಳು ಆ ದಿಕ್ಕಿನಿಂದ ಬರುತ್ತಿದ್ದವು. ಸೌರವ್ಯೂಹದ ಹೊರಗೆ ಪತ್ತೆಯಾದ ಮೊದಲ ಕ್ಷ-ಕಿರಣ ಆಕರವಿದು.

ಇಷ್ಟೊಂದು ಶಕ್ತಿ ಎಲ್ಲಿಂದ ಬರುತ್ತದೆ? ಅಲ್ಲಿರುವುದು ಜೋಡಿ ನಕ್ಷತ್ರ. ಜೋಡಿಯಲ್ಲೊಂದು ನ್ಯೂಟ್ರಾನ್ ನಕ್ಷತ್ರ; ಸೂರ್ಯನಿಗಿಂತಲೂ ಹೆಚ್ಚಿನ ದ್ರವ್ಯವನ್ನು ಒಂದು ಪಟ್ಟಣದಷ್ಟು ಗಾತ್ರದಲ್ಲಿ ಅಡಗಿಸಿಕೊಂಡಿರುವ ಕಾಯ. ಅದು ತನ್ನ ಸಂಗಾತಿಯ ಅನಿಲವನ್ನು ಬಲವಾಗಿ ಸೆಳೆಯುತ್ತದೆ. ಸುತ್ತಿ ಸುತ್ತಿ ಒಳಬೀಳುವ ಆ ಅನಿಲ ಲಕ್ಷಾಂತರ ಡಿಗ್ರಿಗಳವರೆಗೆ ಕಾದು ಕ್ಷ-ಕಿರಣಗಳನ್ನು ಸೂಸುತ್ತದೆ.

ರಾಕೆಟ್ಟಿನ ಆರು ನಿಮಿಷ ಸಾಲದಾಯಿತು. 1970ರ ಡಿಸೆಂಬರ್ 12ರಂದು, ಕೀನ್ಯಾದ ಸ್ವಾತಂತ್ರ್ಯ ದಿನದಂದೇ, ಆ ದೇಶದ ಕರಾವಳಿಯಿಂದ ಅಮೆರಿಕದ ಉಪಗ್ರಹವೊಂದು ಮೇಲೇರಿತು. ಅದಕ್ಕೆ ‘ಉಹುರು’ ಎಂದು ಹೆಸರಾಯಿತು. ಸ್ವಾಹಿಲಿ ಭಾಷೆಯಲ್ಲಿ ಇದರ ಅರ್ಥ ಸ್ವಾತಂತ್ರ್ಯ. ಅದು 300ಕ್ಕೂ ಹೆಚ್ಚು ಆಕರಗಳನ್ನು ಗುರುತಿಸಿತು. ಜಿಯಾಕೋನಿಯವರಿಗೆ 2002ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಭಾರತವೂ ಈ ಸಾಹಸದಿಂದ ದೂರ ಉಳಿಯಲಿಲ್ಲ. ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧವಾಗಿ, 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಗಗನಕ್ಕೇರಿದ ‘ಆರ್ಯಭಟ’ದಲ್ಲಿ ಕ್ಷ-ಕಿರಣಗಳನ್ನು ಅಳೆಯುವ ಉಪಕರಣವಿತ್ತು. ವಿದ್ಯುತ್ ಪೂರೈಕೆಯ ದೋಷದಿಂದ ಕೆಲವೇ ದಿನಗಳಲ್ಲಿ ಅದರ ಪ್ರಯೋಗಗಳು ನಿಂತುಹೋದವು. ಆದರೆ ಪ್ರಯತ್ನ ನಿಲ್ಲಲಿಲ್ಲ. 40 ವರ್ಷಗಳ ಬಳಿಕ, 2015ರ ಸೆಪ್ಟೆಂಬರ್ 28ರಂದು, ನಮ್ಮದೇ ರಾಕೆಟ್ ಶ್ರೀಹರಿಕೋಟೆಯಿಂದ ‘ಆಸ್ಟ್ರೋಸ್ಯಾಟ್’ ಉಪಗ್ರಹವನ್ನು ಹೊತ್ತೊಯ್ದಿತು. ಅದರಲ್ಲೊಂದು ಕ್ಷ-ಕಿರಣ ದೂರದರ್ಶಕವಿದೆ. ನೇರವಾಗಿ ಎದುರಿಗಿಟ್ಟ ಕನ್ನಡಿ ಕ್ಷ-ಕಿರಣಗಳನ್ನು ಪ್ರತಿಫಲಿಸದು. ಕೆರೆಯ ನೀರಿನ ಮೇಲೆ ಓರೆಯಾಗಿ ಎಸೆದ ಚಪ್ಪಟೆ ಕಲ್ಲು ಮುಳುಗದೆ ಜಿಗಿಯುವಂತೆ, ಕನ್ನಡಿಯನ್ನು ಸವರಿಕೊಂಡು ಹೋಗುವ ಕಿರಣಗಳು ಮಾತ್ರ ಪ್ರತಿಫಲಿಸುತ್ತವೆ. ಅದಕ್ಕಾಗಿ ಇಲ್ಲಿ ಕನ್ನಡಿಗಳನ್ನು ಒಂದರೊಳಗೊಂದು ಕೊಳವೆಗಳಂತೆ ಜೋಡಿಸಲಾಗಿದೆ.

ಆರು ನಿಮಿಷಗಳ ನೋಟದಿಂದ ಆರಂಭವಾದ ಈ ಅಧ್ಯಯನ ಇಂದು ಎಡೆಬಿಡದೆ ಸಾಗಿದೆ. ಕಣ್ಣಿಗೆ ಶಾಂತವಾಗಿ ತೋರುವ ಆಕಾಶ ಎಷ್ಟು ಉಗ್ರವಾದ ಘಟನೆಗಳ ನೆಲೆಯೆಂಬುದನ್ನು ಅದು ನಮಗೆ ತಿಳಿಸಿಕೊಟ್ಟಿದೆ.